ನಾಲ್ಕು ಸೆಕೆಂಡಿಗೊಂದು ಹನಿ: ಡಿಜಿಟಲ್ ಶವರ್ ಬಿಚ್ಚಿದ ಕಥೆ

ಚಿಕ್ಕಮಗಳೂರಿನಲ್ಲಿ ಶವರ್ ಅಂದರೆ ತೋಟದವರಿಗೆ ನೆನಪಾಗುವುದು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ. ಮಾರ್ಚ್ ಬಂತು ಅಂದರೆ ಸಾಕು, ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು ಅಂತ ಫೋನು ಶುರು. 100 ಸೆಂಟ್ ಅಂದರೆ 1 ಇಂಚು ಮಳೆ, ಇದು ಕಾಫಿ ಸೀಮೆಯ ಲೆಕ್ಕ. ನಮಗೆ ತೋಟ ಇಲ್ಲ. ಆದರೂ ಈ ಸಲ ಜುಲೈನಲ್ಲಿ ನಮ್ಮ ಮನೆಗೂ ಶವರ್ ಬಂತು, ಅಡುಗೆಮನೆ ಸೀಲಿಂಗಿನಿಂದ, ಸರಿಯಾಗಿ ಸ್ಟೌವ್ ಪಕ್ಕಕ್ಕೆ.

ಮೊದಲು ಕಂಡಿದ್ದು ಒಂದು ಕಲೆ. ಅಕ್ಕಿರೊಟ್ಟಿಯಷ್ಟು ಅಗಲ, ಅಂಚಿನಲ್ಲಿ ಕಾಫಿ ಬಣ್ಣ. ಇಲ್ಲಿನ ಮಳೆಗಾಲದಲ್ಲಿ ಗೋಡೆ ಒದ್ದೆಯಾದರೆ ಅದೇನು ಸುದ್ದಿಯೇ ಅಲ್ಲ. ಬಟ್ಟೆ ಒಣಗಲ್ಲ, ಉಪ್ಪು ನೀರಾಗುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಒಂದು ವಾರ ಸುಮ್ನಿದ್ದೆ. ಆಮೇಲೆ ಏಣಿ ಹತ್ತಿ ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆದೆ. "ಚಿಕ್ಕ ಮಗು ತರ ಗೋಡೆ ಮೇಲೆ ಯಾಕೋ ಗೀಚ್ತೀಯಾ" ಅಂದರು ಅಮ್ಮ. ಅದೇ ವಾರ ಮಳೆ ಮೂರು ದಿನ ಪೂರ್ತಿ ಬಿಡುವು ಕೊಟ್ಟಿತು, ಬಿಸಿಲೂ ಬಂತು. ಕಲೆ ಮಾತ್ರ ಗೆರೆ ದಾಟಿ ಎರಡು ಬೆರಳು ಮುಂದೆ ಹೋಗಿತ್ತು. ಅಂದರೆ ಇದು ಮಳೆ ನೀರಲ್ಲ. ಅಡುಗೆಮನೆಯ ಮೇಲಿರುವುದು ನಮ್ಮ ಬಾತ್‌ರೂಂ.

ಆ ಬಾತ್‌ರೂಮಿನಲ್ಲಿ ಇರುವುದು ಡಿಜಿಟಲ್ ಶವರ್. ಅಕ್ಕ ಭಾವ ಇಂಗ್ಲೆಂಡಿನಲ್ಲಿದ್ದಾರೆ. ಆರು ವರ್ಷದ ಹಿಂದೆ ನಾವು ಮನೆ ಕಟ್ಟುವಾಗ ಭಾವ ಅದನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದಿದ್ದರು. ಗೋಡೆ ಮೇಲೆ ಕಾಣುವುದು ಒಂದು ದುಂಡನೆ ಪ್ಯಾನೆಲ್ ಅಷ್ಟೇ. ಅದರಲ್ಲಿ 38, 39, 40 ಅಂತ ಡಿಗ್ರಿ ಬರುತ್ತದೆ, ತಿರುಗಿಸಿ ಒತ್ತಿದರೆ ಅದೇ ಬಿಸಿಯ ನೀರು. ನಿಜವಾದ ಕೆಲಸ ಮಾಡುವುದು ಸಜ್ಜಾ ಮೇಲೆ ಕೂತಿರುವ ಚಪ್ಪಲಿ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಂದು ಕಡೆಯಿಂದ ತಣ್ಣೀರು, ಇನ್ನೊಂದು ಕಡೆಯಿಂದ ಗೀಸರಿನ ಬಿಸಿನೀರು ಅದರೊಳಗೆ ಬರುತ್ತದೆ. ಒಳಗೆ ಸಣ್ಣ ಮೋಟಾರು ಕಾರ್ಟ್ರಿಡ್ಜ್ ತಿರುಗಿಸಿ ಎರಡನ್ನೂ ಬೆರೆಸುತ್ತದೆ, ಒಂದು ಸೆನ್ಸರ್ ಬಿಸಿ ನೋಡುತ್ತದೆ. ಹೊರಗೆ ಹೋಗುವ ದಾರಿಯಲ್ಲಿ ಕರೆಂಟಿನಿಂದ ತೆರೆಯುವ ಎರಡು ಸೊಲೆನಾಯ್ಡ್ ವಾಲ್ವ್, ಒಂದು ತಲೆ ಮೇಲಿನ ಶವರಿಗೆ, ಒಂದು ಹ್ಯಾಂಡ್ ಶವರಿಗೆ. ಪ್ಯಾನೆಲಿನಿಂದ ಪೆಟ್ಟಿಗೆಗೆ ಬರುವುದು ತೆಳ್ಳನೆ ಕೇಬಲ್, ತುದಿಯಲ್ಲಿ ಹಳೇ ಲ್ಯಾಂಡ್‌ಲೈನ್ ಫೋನಿನ ತರದ ಕ್ಲಿಪ್.

ಇದಕ್ಕೆ ಕನಿಷ್ಠ 1 ಬಾರ್ ಒತ್ತಡ ಬೇಕು. 10 ಮೀಟರ್ ಎತ್ತರದ ನೀರಿಗೆ ಸಿಗುವುದು ಸುಮಾರು 1 ಬಾರ್. ನಮ್ಮ ಟ್ಯಾಂಕ್ ಶವರಿಗಿಂತ 3 ಮೀಟರ್ ಮೇಲಿದೆ, ಅಂದರೆ 0.3 ಬಾರ್, ಎಲ್ಲಿಗೂ ಸಾಲದು. ಅದಕ್ಕೇ ತಾರಸಿಯ ಹೆಡ್‌ರೂಮಿನಲ್ಲಿ ಒಂದು ಪ್ರೆಷರ್ ಪಂಪ್ ಇದೆ. ಯಾರಾದರೂ ನಲ್ಲಿ ತಿರುಗಿಸಿದರೆ ಒತ್ತಡ ಇಳಿದು ತಾನೇ ಶುರುವಾಗುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಈ ಪಂಪ್ ಮುಂದೆ ಸಾಕ್ಷಿ ಹೇಳಲಿದೆ.

ಶುರುವಿನಲ್ಲಿ ನನ್ನ ಅನುಮಾನ ಹೋಗಿದ್ದು ಶವರ್ ತಲೆಯ ಮೇಲೆ. ಆಫ್ ಮಾಡಿದ ಮೇಲೂ ಅದು ಹನಿಕುತ್ತಿತ್ತು. ಇದೇ ನೀರು ನೆಲದ ಟೈಲ್ಸ್ ಸಂದಿಯಲ್ಲಿ ಇಳಿದು ಕೆಳಗೆ ಹೋಗುತ್ತಿದೆ ಅಂತ ಲೆಕ್ಕ ಹಾಕಿದೆ. ನೋಡೋಣ ಅಂತ ನೆಲದ ಜಾಲರಿ ತೂತಿಗೆ ಪ್ಲಾಸ್ಟಿಕ್ ಕವರ್ ಮತ್ತು ಒದ್ದೆ ಬಟ್ಟೆ ತುರುಕಿ ಮುಚ್ಚಿದೆ, ಕೇಸರಿಬಾತಿಗೆ ಹಾಕುವ ಬಣ್ಣ ಕಲಸಿದ ನೀರನ್ನು ಒಂದು ಇಂಚು ನಿಲ್ಲಿಸಿ, ಆರು ಗಂಟೆ ಯಾರೂ ಒಳಗೆ ಹೋಗಬೇಡಿ ಅಂದೆ. ಸಂಜೆ ಹೊತ್ತಿಗೆ ನೀರಿನ ಮಟ್ಟ ಇಳಿದಿರಲಿಲ್ಲ, ಕೆಳಗೆ ಸೀಲಿಂಗಿಗೆ ಬಿಳಿ ಟಿಶ್ಯೂ ಒತ್ತಿದರೆ ಕೇಸರಿಯ ಸುಳಿವೂ ಇಲ್ಲ. ಮರುದಿನವೂ ಇಲ್ಲ. ನೆಲ ಸರಿಯಿದೆ. ಈ ಪರೀಕ್ಷೆ ಮಾಡದೇ ಟೈಲ್ಸ್ ಕೀಳಿಸಿದ್ದರೆ ಎಷ್ಟು ದುಡ್ಡು ಹೋಗುತ್ತಿತ್ತು ಅಂತ ಈಗಲೂ ಎದೆ ಧಸಕ್ ಅನ್ನುತ್ತದೆ. ಟೈಲ್ಸಿಗೆ ಮಾತ್ರ ಒಂದು ವಾರ ಹಬ್ಬದ ಕಳೆ ಇತ್ತು.

ಪ್ಲಂಬರನ್ನು ಕರೆಸಲಿಲ್ಲವೇ ಅಂದರೆ, ಕರೆಸಿದ್ದೆ. ಬಂದವರು ಪೆಟ್ಟಿಗೆ ನೋಡಿ ಏಣಿಯಿಂದಲೇ ಇಳಿದುಬಿಟ್ಟರು. "ಸಾರ್, ಇದನ್ನ ಕಿತ್ತು ಮಾಮೂಲಿ ಡೈವರ್ಟರ್ ಹಾಕ್ಬಿಡಿ. ಇಲ್ಲಾಂದ್ರೆ ಜಾಯಿಂಟಿಗೆಲ್ಲ ಸಿಲಿಕಾನ್ ಹೊಡ್ದುಬಿಡ್ತೀನಿ." ಒತ್ತಡ ಇರುವ ಜಾಯಿಂಟಿಗೆ ಹೊರಗಿನಿಂದ ಸಿಲಿಕಾನ್ ಹೊಡೆದರೆ ಅದು ರಿಪೇರಿ ಅಲ್ಲ. ನೀರು ಇನ್ನೊಂದು ಸಂದಿ ಹುಡುಕಿಕೊಳ್ಳುತ್ತದೆ, ನಮಗೆ ಕಾಣದ ಕಡೆ. ಬೇಡ ಅಂದೆ.

ಭಾನುವಾರ ಬೆಳಿಗ್ಗೆ ನಾನೇ ಕೈ ಹಾಕಿದೆ. ಮೊದಲು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ ಟೆಸ್ಟರಿನಲ್ಲಿ ನೋಡಿದೆ. ಗೀಸರೂ ಆಫ್. ನೀರು ಮತ್ತು 230 ವೋಲ್ಟ್ ಒಂದೇ ಪೆಟ್ಟಿಗೆಯಲ್ಲಿ ಇರುವ ಕಡೆ ಇದನ್ನು ಬಿಟ್ಟು ಶುರು ಮಾಡಲೇಬಾರದು. ಆಮೇಲೆ ಪೆಟ್ಟಿಗೆಗೆ ತಣ್ಣೀರು, ಬಿಸಿನೀರು ಬರುವ ಎರಡೂ ಬಾಲ್ ವಾಲ್ವ್ ಮುಚ್ಚಿ, ಮುಚ್ಚಳದ ಆರು ಸ್ಕ್ರೂ ತೆಗೆದು ಐಸ್‌ಕ್ರೀಂ ಡಬ್ಬಿಗೆ ಹಾಕಿದೆ. ಬಿಚ್ಚುವ ಮುಂಚೆ ಫೋಟೋ, ಪ್ರತಿ ವೈರಿಗೂ ಫೋಟೋ.

ತಲೆ ಮೇಲಿನ ಶವರಿನ ಸೊಲೆನಾಯ್ಡ್ ಕೈಗೆ ಬಂದಾಗ ನಗು ಬಂತು. ವಾಷಿಂಗ್ ಮೆಷಿನ್ ಹಿಂದೆ ನೀರಿನ ಪೈಪ್ ಸಿಕ್ಕಿಸುತ್ತೇವಲ್ಲ, ಅಲ್ಲಿ ಇರುವ ವಾಲ್ವಿನ ತಮ್ಮನೇ ಇದು. ಒಳಗೆ ಒಂದು ರಬ್ಬರ್ ಡಯಾಫ್ರಾಂ, ಅಂದರೆ ತೆಳ್ಳನೆ ರಬ್ಬರ್ ಬಿಲ್ಲೆ, ಎರಡು ರೂಪಾಯಿ ನಾಣ್ಯದಷ್ಟು. ಅದರ ಅಂಚಿನ ಹತ್ತಿರ ಸೂಜಿ ಮೊನೆಯಂಥ ತೂತು. ಇಡೀ ಆಟ ಇರುವುದು ಆ ತೂತಿನಲ್ಲಿ. ವಾಲ್ವ್ ಮುಚ್ಚಬೇಕಾದಾಗ ನೀರು ಆ ತೂತಿನಿಂದ ಮೇಲೆ ಹೋಗಿ ತುಂಬಿಕೊಂಡು, ಡಯಾಫ್ರಾಮನ್ನು ಮೇಲಿನಿಂದ ಒತ್ತಿ ಕೂರಿಸುತ್ತದೆ. ವಾಲ್ವನ್ನು ಮುಚ್ಚಿ ಹಿಡಿಯುವುದು ಕರೆಂಟ್ ಅಲ್ಲ, ನೀರಿನದೇ ಒತ್ತಡ. ಕರೆಂಟ್ ಮಾಡುವುದು ನಡುವಿನ ಇನ್ನೊಂದು ತೂತು ತೆರೆದು ಆ ಒತ್ತಡ ಬಿಡಿಸುವ ಕೆಲಸ ಮಾತ್ರ. ಅಂಚಿನ ತೂತಿಗೆ ಕಸ ಕೂತರೆ ಒತ್ತಡ ಮೇಲೆ ಏರಲ್ಲ, ವಾಲ್ವ್ ಪೂರ್ತಿ ಕೂರಲ್ಲ, ಹನಿ ನಿಲ್ಲಲ್ಲ.

ನಮ್ಮದರಲ್ಲಿ ಆಗಿದ್ದೂ ಅದೇ. ಟಾರ್ಚ್ ಹಿಡಿದು ನೋಡಿದರೆ ತೂತಿನಲ್ಲಿ ಬಿಳಿ ಹರಳು, ಸಕ್ಕರೆ ಕಾಳಿಗಿಂತ ಚಿಕ್ಕದು. ಊರಿನ ನಲ್ಲಿ ನೀರು ಹಿರೇಕೊಳಲೆ ಕೆರೆ ಮತ್ತು ಯಗಚಿಯದು, ಆದರೆ ನಮ್ಮ ಟ್ಯಾಂಕಿಗೆ ಜಾಸ್ತಿ ಏರುವುದು ನಮ್ಮದೇ ಬೋರ್‌ವೆಲ್ ನೀರು. ಅದು ಗಡಸು. ಗಡಸು ನೀರು ಕಾದರೆ ಅದರಲ್ಲಿ ಕರಗಿರುವ ಸುಣ್ಣದಂಶ ಗಟ್ಟಿಯಾಗಿ ಗೀಸರಿನ ಕಾಯಿಲಿಗೆ ಹೊಪ್ಪಳೆ ಕಟ್ಟುತ್ತದೆ, ಆಮೇಲೆ ಚೂರುಚೂರಾಗಿ ಕಳಚಿ ಪೈಪಿಗೆ ಬರುತ್ತದೆ. ಡಯಾಫ್ರಾಮನ್ನು ನಿಂಬೆ ಉಪ್ಪು ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಟ್ಟೆ. ಗುಳ್ಳೆ ಎದ್ದು ಹರಳು ಕರಗಿತು. ಸೂಜಿ ಹಾಕಿ ಚುಚ್ಚಬೇಡಿ, ತೂತು ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ಸೊಲೆನಾಯ್ಡಿನ ಕಾಯಿಲನ್ನು ಮಲ್ಟಿಮೀಟರಿನಲ್ಲಿ ನೋಡಿದೆ, ಎರಡೂ ವಾಲ್ವಿನದು ಹತ್ತಿರಹತ್ತಿರ ಒಂದೇ ರೆಸಿಸ್ಟೆನ್ಸ್. ಕಾಯಿಲ್ ಚೆನ್ನಾಗಿದೆ. ಜೋಡಿಸಿದೆ. ಶವರ್ ಹನಿಕುವುದು ನಿಂತಿತು.

ಭಾವನಿಗೆ ವಿಡಿಯೋ ಕಳಿಸಿದೆ. ಎಂಜಿನಿಯರ್ ಆಗಿಬಿಟ್ಟೆ ಅನ್ನುವ ಜಂಬದಲ್ಲಿ ಎರಡು ಕಪ್ ಕಾಫಿ ಕುಡಿದೆ. ರಾತ್ರಿ ಮಲಗಿದ್ದಾಗ ತಾರಸಿಯಿಂದ "ಟಕ್... ಝೂಂ... ಟಕ್". ಪಂಪು. ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ, ಯಾವ ನಲ್ಲಿಯೂ ತೆರೆದಿಲ್ಲ, ಆದರೂ ಪಂಪ್ ಎರಡು ಸೆಕೆಂಡ್ ಓಡಿ ನಿಂತಿತು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ.

ಅಂದರೆ ಎಲ್ಲೋ ನೀರು ಹೋಗುತ್ತಲೇ ಇದೆ, ಶವರ್ ಆಫ್ ಇದ್ದಾಗಲೂ. ನಾನು ರಿಪೇರಿ ಮಾಡಿದ್ದು ಬೇರೆ ಕಾಯಿಲೆ.

ಮುಂದಿನ ಎರಡು ರಾತ್ರಿ ಹೀಗೆ ಮಾಡಿದೆ. ಮೊಬೈಲನ್ನು ರೆಕಾರ್ಡಿಂಗಿಗೆ ಹಾಕಿ ಪಂಪ್ ಪಕ್ಕ ಇಟ್ಟೆ. ಬೆಳಿಗ್ಗೆ ಕೇಳುತ್ತಾ ಕೂರಬೇಕಿಲ್ಲ, ಶಬ್ದದ ಗೆರೆಯಲ್ಲಿ ಪಂಪ್ ಓಡಿದ ಕಡೆಯೆಲ್ಲ ಮುಳ್ಳಿನ ಹಾಗೆ ಎದ್ದು ಕಾಣುತ್ತದೆ, ಎಣಿಸಿದರೆ ಆಯಿತು. ಮೊದಲ ರಾತ್ರಿ ಪೆಟ್ಟಿಗೆಯ ತಣ್ಣೀರಿನ ವಾಲ್ವ್ ಮುಚ್ಚಿದೆ: 11 ಗಂಟೆಯಿಂದ 6ರವರೆಗೆ 21 ಮುಳ್ಳು. ಎರಡನೇ ರಾತ್ರಿ ಅದನ್ನು ತೆರೆದು, ಗೀಸರಿನಿಂದ ಪೆಟ್ಟಿಗೆಗೆ ಬರುವ ಬಿಸಿನೀರಿನ ವಾಲ್ವ್ ಮುಚ್ಚಿದೆ: ಸೊನ್ನೆ. ಇಡೀ ರಾತ್ರಿ ಪಂಪ್ ಉಸಿರೆತ್ತಿಲ್ಲ. ಅಲ್ಲಿಗೆ ಕಳ್ಳ ಇರುವುದು ಬಿಸಿನೀರಿನ ವಾಲ್ವ್ ದಾಟಿದ ಮೇಲಿನ ಒಂದು ಅಡಿ ಜಾಗದಲ್ಲಿ.

ಸಜ್ಜಾ ಮೇಲೆ ಕೈ ಹಾಕಿದರೆ ಒಣ. ಇದೇ ನನ್ನನ್ನು ಅಷ್ಟು ದಿನ ಯಾಮಾರಿಸಿದ್ದು. ಸೋರಿದ ಕಡೆ ನೀರು ಬೀಳಬೇಕು ಅಲ್ವಾ? ಇದು ಬೀಳುತ್ತಿರಲಿಲ್ಲ. ಪೆಟ್ಟಿಗೆಗೆ ಬಿಸಿನೀರು ಸೇರುವ ಎಲ್ಬೋದಲ್ಲಿ, ಅಂದರೆ ಮೊಣಕೈ ತರ ಬಾಗಿದ ಜಾಯಿಂಟಿನಲ್ಲಿ, ಹುಟ್ಟಿದ ಹನಿ ಪೈಪಿನ ಹೊಟ್ಟೆಗೆ ಅಂಟಿಕೊಂಡೇ ಹಿಂದಕ್ಕೆ ಹರಿದು, ಪೈಪ್ ಗೋಡೆಯೊಳಗೆ ಹೋಗುವ ತೂತಿನಲ್ಲಿ ಮಾಯವಾಗುತ್ತಿತ್ತು. ಅಲ್ಲಿಂದ ಗೋಡೆಯೊಳಗಿನ ಪೈಪ್ ಹಿಡಿದು ನೇರ ಅಡುಗೆಮನೆಗೆ. ಪೈಪಿಗೆ ಟಿಶ್ಯೂ ಸುತ್ತಿ ಹತ್ತು ನಿಮಿಷ ಬಿಟ್ಟಾಗ ಎಲ್ಬೋ ಬುಡದ ಟಿಶ್ಯೂ ಮೊದಲು ಒದ್ದೆಯಾಯಿತು. ಎಷ್ಟು ಸೋರುತ್ತಿದೆ ನೋಡೋಣ ಅಂತ ಪೈಪಿಗೆ ಒಂದು ಗೋಣಿದಾರ ಬಿಗಿಯಾಗಿ ಕಟ್ಟಿ, ಅದರ ತುದಿಯನ್ನು ಐಸ್‌ಕ್ರೀಂ ಡಬ್ಬಿಯೊಳಗೆ ಇಳಿಬಿಟ್ಟೆ. ನೀರು ಪೈಪ್ ಬಿಟ್ಟು ಸಾಧು ಪ್ರಾಣಿಯ ಹಾಗೆ ದಾರ ಹಿಡಿದು ಡಬ್ಬಿಗೆ ಬಂತು. 8 ಗಂಟೆಯಲ್ಲಿ 340 ಮಿಲಿ. 1 ಮಿಲಿಗೆ ಸುಮಾರು 20 ಹನಿ ಅಂತ ಇಟ್ಟುಕೊಂಡರೆ ನಾಲ್ಕು ಸೆಕೆಂಡಿಗೊಂದು ಹನಿ. ದಿನಕ್ಕೆ ಒಂದು ಲೀಟರ್ ನಮ್ಮ ಗೋಡೆ ಕುಡಿಯುತ್ತಿತ್ತು.

ಎಲ್ಬೋವನ್ನು ಪೆಟ್ಟಿಗೆಗೆ ಹಿಡಿದಿರುವುದು ಸ್ಕ್ರೂ ಅಲ್ಲ, ಯು ಆಕಾರದ ಒಂದು ಪ್ಲಾಸ್ಟಿಕ್ ಕ್ಲಿಪ್. ಅದನ್ನು ಮೇಲಕ್ಕೆ ಎಳೆದು, ಎಲ್ಬೋ ಅಲ್ಲಾಡಿಸಿ ಹೊರಗೆ ತೆಗೆದರೆ ಅದರ ಮೂತಿಯಲ್ಲಿ ಓ-ರಿಂಗ್, ನೀರು ಸೋರದಂತೆ ತಡೆಯುವ ರಬ್ಬರ್ ಬಳೆ. ಆ ರಿಂಗನ್ನು ನೋಡಿದ ಕೂಡಲೇ ಇದು ಕೆಟ್ಟಿದೆ ಅಂತ ಗೊತ್ತಾಗುತ್ತಿತ್ತು. ಎಲ್ಬೋ ಮೂತಿಯ ಸುತ್ತ ಕೊರೆದ ಕಾಲುವೆಯಲ್ಲಿ ಕೂರುವ ಬದಲು ದೊಗಲೆ ಬಳೆಯ ಹಾಗೆ ಜೋತುಬಿದ್ದಿತ್ತು. ಒತ್ತಿದರೆ ನೆನೆದ ಅವಲಕ್ಕಿಯಂತೆ ಮೆತ್ತಗೆ. ಒಂದು ಕಡೆ ಅಂಚು ಇಲಿ ಕಚ್ಚಿದ ಹಾಗೆ ಚೂರು ಹೋಗಿತ್ತು. ಆರು ವರ್ಷಕ್ಕೆ ರಬ್ಬರ್ ಸವೆದರೆ ಗಟ್ಟಿಯಾಗಬೇಕು, ಚಪ್ಪಟೆಯಾಗಬೇಕು. ಇದು ಊದಿಕೊಂಡಿದೆ. ಯಾಕೆ?

ಬೆರಳಿಗೆ ಜಿಡ್ಡು ತಾಗಿದಾಗ ನೆನಪಾಯಿತು. ಫಿಟ್ ಮಾಡುವ ದಿನ ಎಲ್ಬೋ ಒಳಗೆ ಹೋಗದೇ ಸತಾಯಿಸಿತ್ತು. ಮೇಸ್ತ್ರಿಗೆ "ತಾಳಿ, ಜಾರೋ ಹಾಗೆ ಮಾಡ್ತೀನಿ" ಅಂತ ಹೇಳಿ, ಚಳಿಗೆ ತುಟಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿ ತಂದು ಧಾರಾಳವಾಗಿ ಮೆತ್ತಿದ್ದು ನಾನೇ. ಬಿಸಿನೀರಿನ ರಿಂಗುಗಳು ಸಾಮಾನ್ಯವಾಗಿ ಇಪಿಡಿಎಂ ಅನ್ನುವ ರಬ್ಬರಿನವು. ಬಿಸಿನೀರಿಗೆ ಗಟ್ಟಿಗ, ಆದರೆ ಪೆಟ್ರೋಲಿಯಂ ಜಿಡ್ಡು ಕಂಡರೆ ಹೀರಿಕೊಂಡು ಊದುತ್ತದೆ. ಅದರ ಮೇಲೆ ಗೀಸರಿನ 70 ಡಿಗ್ರಿ ನೀರು ಬೇರೆ. ಇಂಥದ್ದಕ್ಕೆ ಹಚ್ಚಬೇಕಾಗಿದ್ದು ಸಿಲಿಕೋನ್ ಗ್ರೀಸ್. ಆರು ವರ್ಷ ತಡೆದಿದ್ದೇ ಆ ರಿಂಗಿನ ದೊಡ್ಡತನ.

ಎಲ್ಬೋ ತೆಗೆದ ತೂತಿನಲ್ಲಿ ಇನ್ನೊಂದು ವಿಷಯ. ಅಲ್ಲಿ ಒಂದು ಸಣ್ಣ ಜಾಲರಿ ಫಿಲ್ಟರ್ ಇರಬೇಕು. ತಣ್ಣೀರಿನ ಕಡೆ ಇದೆ, ಬಿಸಿನೀರಿನ ಕಡೆ ಇಲ್ಲ. ಸಜ್ಜಾ ಮೂಲೆಯಲ್ಲಿ ಹಳೇ ಪೇಂಟ್ ಡಬ್ಬಿ ಹಿಂದೆ ಧೂಳು ಮೆತ್ತಿಕೊಂಡು ಬಿದ್ದಿತ್ತು. ಹೋದ ವರ್ಷ ರಿಪೇರಿಗೆ ಬಂದಿದ್ದ ಒಬ್ಬರು ಅದನ್ನು ಕಿತ್ತುಹಾಕಿ "ಈಗ ನೋಡಿ ಸಾರ್ ಫೋರ್ಸು" ಅಂದಿದ್ದರ ಗುಟ್ಟು ಇದು. ಫೋರ್ಸ್ ಜೊತೆಗೆ ಸುಣ್ಣದ ಹರಳೂ ಸಲೀಸಾಗಿ ಒಳಗೆ ಬಂದು ಸೊಲೆನಾಯ್ಡ್ ಸೇರಿತ್ತು. ಅಂತೂ ಎರಡು ಕಾಯಿಲೆ, ಇಬ್ಬರು ವೈದ್ಯರು.

ಈಗ ರಿಂಗಿನ ಬೇಟೆ. ಊದಿದ ರಿಂಗ್ ಅಳೆದು ಪ್ರಯೋಜನ ಇಲ್ಲ, ಅದು ಕೂರುವ ಜಾಗ ಅಳೆಯಬೇಕು. ವರ್ನಿಯರ್ ಹಿಡಿದು ನೋಡಿದೆ: ಕಾಲುವೆಯ ತಳದ ವ್ಯಾಸ 13 ಮಿಮೀ, ಎಲ್ಬೋ ಹೋಗಿ ಕೂರುವ ತೂತು 17.2. ಎರಡರ ನಡುವೆ ಒಂದೊಂದು ಬದಿಗೆ 2.1 ಮಿಮೀ ಸಂದಿ. 2.5 ದಪ್ಪದ ರಿಂಗ್ ಹಾಕಿದರೆ 0.4 ಮಿಮೀ ಅಮುಕಿ ಕೂರುತ್ತದೆ, ಅಂದರೆ 16 ಪರ್ಸೆಂಟ್. ಇಂಥ ಕಡೆಗೆ ಅಷ್ಟು ಬಿಗಿ ಸರಿ. ಒಳ ವ್ಯಾಸ 12.5 ಇದ್ದರೆ ಕಾಲುವೆಗೆ ಕಚ್ಚಿಕೊಂಡು ನಿಲ್ಲುತ್ತದೆ.

ಬಾತ್‌ರೂಂ ಫಿಟ್ಟಿಂಗ್ ಅಂಗಡಿಯಲ್ಲಿ ಸಿಗಲಿಲ್ಲ. ಆದರೆ ಇದು ಕಾಫಿ ಊರು. ಐ.ಜಿ. ರಸ್ತೆ ಕಡೆ ಸ್ಪ್ರಿಂಕ್ಲರ್ ಮತ್ತು ಔಷಧಿ ಹೊಡೆಯುವ ಪಂಪಿನ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದೆ. ಅವರು ಏನೂ ಮಾತಾಡದೆ ಡ್ರಾಯರ್ ಎಳೆದರು, ಅದರ ತುಂಬ ಓ-ರಿಂಗ್. "ಯಾವ ಪಂಪ್ ಸಾರ್?" "ಪಂಪ್ ಅಲ್ಲ, ಸ್ನಾನಕ್ಕೆ." ಒಂದು ಕ್ಷಣ ನನ್ನ ಮುಖ ನೋಡಿ, ಅಳತೆಗೆ ಹೊಂದುವ ನಾಲ್ಕು ರಿಂಗ್ ಎಣಿಸಿ ಕೊಟ್ಟರು. ಅದು ಯಾವ ರಬ್ಬರ್ ಅಂತ ಅವರಿಗೂ ಗೊತ್ತಿಲ್ಲ. ಎಲ್ಲ ಕಪ್ಪು, ನೋಡಿದರೆ ತಿಳಿಯಲ್ಲ. ಮನೆಗೆ ಬಂದು ಒಂದನ್ನು ಗಾಜಿನ ಬಾಟಲಿಯಲ್ಲಿ ಒಂದು ಚಮಚ ಪೆಟ್ರೋಲಿಗೆ ಹಾಕಿ, ಹೊರಗೆ ಕಾಂಪೌಂಡ್ ಮೇಲೆ ಇಟ್ಟೆ. ಇಪಿಡಿಎಂ ಆಗಿದ್ದರೆ ಕೆಲವೇ ಗಂಟೆಯಲ್ಲಿ ಊದಬೇಕು. ಬೆಳಿಗ್ಗೆ ಇದ್ದ ಹಾಗೇ ಇತ್ತು. ಅಂದರೆ ಇಪಿಡಿಎಂ ಅಲ್ಲ, ಬಹುಶಃ ನೈಟ್ರೈಲ್ ರಬ್ಬರ್. ಎಣ್ಣೆಗೆ ಗಟ್ಟಿ, ಬಿಸಿನೀರಿನಲ್ಲಿ ಮಾತ್ರ ಬರಬರುತ್ತಾ ಬಿರುಸಾಗುತ್ತದೆ. ತಾತ್ಕಾಲಿಕಕ್ಕೆ ಅಡ್ಡಿಯಿಲ್ಲ ಅಂತ ಅದನ್ನೇ ಹಾಕಿ, ಇಪಿಡಿಎಂ ರಿಂಗ್ ಹತ್ತರ ಪ್ಯಾಕೆಟ್ ಮತ್ತು ಸಿಲಿಕೋನ್ ಗ್ರೀಸಿನ ಸಣ್ಣ ಟ್ಯೂಬ್ ಆನ್‌ಲೈನಿನಲ್ಲಿ ತರಿಸಿದೆ. ಎರಡೂ ಸೇರಿ 340 ರೂಪಾಯಿ. ರಾತ್ರಿ ಸೋರಿದ ಮಿಲಿಯೂ ಅಷ್ಟೇ, ಕಾಕತಾಳೀಯ.

ಹೊಸ ರಿಂಗ್ ಬಂದ ದಿನ ನಿಜವಾದ ಜೋಡಣೆ. ಹಳೇ ಜಿಡ್ಡನ್ನು ಪಾತ್ರೆ ಸೋಪಿನಲ್ಲಿ ಎರಡು ಸಲ ತೊಳೆದೆ. ಫಿಲ್ಟರನ್ನು ನಿಂಬೆ ಉಪ್ಪಿನಲ್ಲಿ ನೆನೆಸಿ ಮತ್ತೆ ಅದರ ಜಾಗಕ್ಕೆ ಕೂರಿಸಿದೆ. ತಣ್ಣೀರಿನ ಕಡೆ ಸೋರುತ್ತಿರಲಿಲ್ಲ, ಆದರೆ ಅಲ್ಲೂ ನನ್ನ ಜೆಲ್ಲಿ ಇತ್ತಲ್ಲ, ಆ ರಿಂಗ್ ಕೂಡ ಸ್ವಲ್ಪ ಊದಿತ್ತು, ಬದಲಿಸಿದೆ. ಬಿಸಿನೀರಿನ ಎಲ್ಬೋದ ಕೆಳಗಿದ್ದ ಪ್ಯಾನೆಲ್ ಕೇಬಲಿನ ಪಿನ್ನಿಗೆ ಹಸಿರು ಕಿಲುಬು ಹತ್ತಿತ್ತು. ಆಗಾಗ ಡಿಗ್ರಿ ಕಾಣದೇ ಬರೀ ಗೆರೆ ಮಿನುಗುತ್ತಿದ್ದಿದ್ದು ಇದಕ್ಕೇ ಇರಬೇಕು. ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಉಜ್ಜಿದೆ, ಕೇಬಲನ್ನು ಮೇಲಿನಿಂದ ಬಳಸಿ ತಂದು ಕಟ್ಟಿದೆ. ಇನ್ನು ಹನಿ ಬಿದ್ದರೂ ಅದಕ್ಕೆ ತಾಗಲ್ಲ.

ಆಮೇಲೆ ತಣ್ಣೀರಿನ ವಾಲ್ವ್ ತೆರೆದೆ. ಒಂದು ಸೆಕೆಂಡ್ ಏನೂ ಇಲ್ಲ. ಮರು ಸೆಕೆಂಡಿಗೆ ಎಲ್ಬೋ ಬುಲೆಟ್ ತರ ಹಿಂದಕ್ಕೆ ಹಾರಿ, 2 ಬಾರ್ ನೀರು ನೇರ ನನ್ನ ಮುಖಕ್ಕೆ. ಯು ಕ್ಲಿಪ್ ಹಾಕಲು ಮರೆತಿದ್ದೆ, ಅದು ಐಸ್‌ಕ್ರೀಂ ಡಬ್ಬಿಯಲ್ಲಿ ಆರಾಮಾಗಿ ಕೂತಿತ್ತು. ಏಣಿ ಮೇಲೆ ನಿಂತು, ಕಣ್ಣು ಮುಚ್ಚಿಕೊಂಡು, ಕೈಯಲ್ಲಿ ತಡಕಾಡಿ ವಾಲ್ವ್ ಮುಚ್ಚುವಷ್ಟರಲ್ಲಿ ಬಾತ್‌ರೂಮಿನ ಟವೆಲ್, ಸಜ್ಜಾ, ನಾನು ಎಲ್ಲ ತೊಯ್ದು ತೊಪ್ಪೆ. ಹೆಂಡತಿ ಬಾಗಿಲಲ್ಲಿ ನಿಂತು "ಬಂತಾ ಶವರ್?" ಅಂದಳು. ಬಿಸಿನೀರಿನ ಕಡೆ ಹೀಗೆ ಆಗಿದ್ದರೆ ಮುಖ ಬೆಂದು ಹೋಗುತ್ತಿತ್ತು. ಮೊದಲು ತಣ್ಣೀರು ತೆರೆದಿದ್ದು ನನ್ನ ಜಾಣತನ ಅಲ್ಲ, ಅದು ಕೈಗೆ ಹತ್ತಿರ ಇತ್ತು ಅಷ್ಟೇ. ಅಂಥ ಜಾಗದಲ್ಲಿ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ಕಾಯಬೇಕು, ಕ್ಲಿಪ್ ಎರಡೂ ಕಡೆ ಟಕ್ ಅಂದಿದೆಯಾ ಅಂತ ಬೆರಳಿನಿಂದ ಮುಟ್ಟಿ ನೋಡಬೇಕು.

ಪೆಟ್ಟಿಗೆಯ ಒಳಗೆ ಹನಿ ಹೋಗಿರಬಹುದು ಅಂತ ಒಂದು ದಿನ ಪೂರ್ತಿ ಕರೆಂಟ್ ಕೊಡದೆ, ಟೇಬಲ್ ಫ್ಯಾನ್ ಹಚ್ಚಿ ಒಣಗಿಸಿದೆ. ಮರುದಿನ ಎಂಸಿಬಿ ಏರಿಸಿದರೆ ಪ್ಯಾನೆಲ್ ಒಂದೇ ಸಲಕ್ಕೆ 38 ತೋರಿಸಿತು. ಬಕೆಟಿಗೆ ಬಿಟ್ಟು ಥರ್ಮಾಮೀಟರ್ ಅದ್ದಿದೆ: 37.5. ನನಗೆ ಸಾಕು. ಗೀಸರನ್ನು 70ರಿಂದ 60ಕ್ಕೆ ಇಳಿಸಿದೆ, ಅಷ್ಟು ಬಿಸಿ ಯಾರಿಗೂ ಬೇಕಿರಲಿಲ್ಲ, ಹೊಪ್ಪಳೆಯೂ ಕಮ್ಮಿ ಕಟ್ಟುತ್ತದೆ.

ಆ ರಾತ್ರಿ ಮತ್ತೆ ಮೊಬೈಲ್ ಪಂಪ್ ಪಕ್ಕ. ಒಂದೂ ಮುಳ್ಳಿಲ್ಲ. ಮುನ್ನೆಚ್ಚರಿಕೆಗೆ ಗೋಣಿದಾರವನ್ನು ಪೈಪಿನಲ್ಲೇ ಬಿಟ್ಟಿದ್ದೇನೆ, ಕೆಳಗೆ ಡಬ್ಬಿಯೂ ಇದೆ. ವಾರಕ್ಕೊಮ್ಮೆ ಏಣಿ ಹತ್ತಿ ನೋಡುತ್ತೇನೆ, ಬೂದಿ ಬಣ್ಣದ ಜೇಡ ಒಂದು ಬಿಟ್ಟರೆ ಡಬ್ಬಿ ಖಾಲಿ.

ಅಮ್ಮನಿಗೆ ಇದೆಲ್ಲ ವಿವರಿಸಿದೆ, ಸೊಲೆನಾಯ್ಡ್ ಸಮೇತ. ಅವರು ಪೂರ್ತಿ ಕೇಳಿಸಿಕೊಂಡರು. "ನಮ್ಮ ಹಂಡೆ ನಲವತ್ತು ವರ್ಷ ಇತ್ತು, ಒಂದು ದಿನ ರಬ್ಬರ್ ಬದಲಾಯಿಸಿದ್ದು ನಂಗೆ ನೆನಪಿಲ್ಲ" ಅಂದರು. ಆದರೆ ಮರುದಿನ ಬೆಳಿಗ್ಗೆ 41 ಡಿಗ್ರಿಗೆ ತಿರುಗಿಸಿಕೊಂಡು ಇಪ್ಪತ್ತು ನಿಮಿಷ ಸ್ನಾನ ಮಾಡಿದವರೂ ಅವರೇ.

ಸೀಲಿಂಗಿನ ಕಲೆ ಗೆರೆಯಿಂದ ಒಳಗೆ ಸರಿದಿದೆ, ಈಗ ಪೂರಿಯಷ್ಟು. ಬಣ್ಣ ಹೊಡೆಸುವುದು ಮಳೆ ನಿಂತು, ಗೋಡೆ ಪೂರ್ತಿ ಒಣಗಿದ ಮೇಲೆ, ದೀಪಾವಳಿ ಹೊತ್ತಿಗೆ. ಪೆನ್ಸಿಲ್ ಗೆರೆ ಅಲ್ಲಿಯವರೆಗೆ ಹಾಗೇ ಇರಲಿ. ಉಳಿದ ಎಂಟು ರಿಂಗನ್ನು ಗ್ರೀಸ್ ಟ್ಯೂಬಿನ ಜೊತೆ ಕವರಿಗೆ ಹಾಕಿ, ಮೇಲೆ "12.5 ಗುಣಿಸು 2.5, ಜೆಲ್ಲಿ ಹಚ್ಚಬೇಡ" ಅಂತ ಬರೆದು ಪೆಟ್ಟಿಗೆಯ ಮುಚ್ಚಳಕ್ಕೇ ಅಂಟಿಸಿದ್ದೇನೆ.